ಹನ್ನೊಂದು ತಂತಿಗಳ ಲೆಕ್ಕ

ಎರಡು ವಜ್ರಗಳ ತುದಿಗಳ ನಡುವೆ ಕಬ್ಬಿಣವನ್ನು ಒತ್ತಿ, ಅದರ ಅಯಸ್ಕಾಂತ ಗುಣವನ್ನು ಅಳೆಯುವ ಪ್ರಯೋಗದಲ್ಲಿ, ಮೂರು ತಿಂಗಳಲ್ಲಿ ಹನ್ನೊಂದು ಪ್ಲಾಟಿನಂ ತಂತಿಗಳನ್ನು ತುಂಡು ಮಾಡಿದ್ದೆ. ಒಂದೊಂದೂ ಕೂದಲಿಗಿಂತ ಸಣ್ಣ.

ವಜ್ರದಲ್ಲಿ ಇಂಗಾಲದ ಒಂದು ಪರಮಾಣುವಿನ ಜಾಗಕ್ಕೆ ಸಾರಜನಕ ಬಂದು ಕೂತು, ಪಕ್ಕದ ಮನೆ ಖಾಲಿ ಬಿದ್ದಿದ್ದರೆ ಅದು ಎನ್‌ವಿ ಕೇಂದ್ರ. ಹಸಿರು ಲೇಸರ್ ಬಿಟ್ಟರೆ ಕೆಂಪಗೆ ಹೊಳೆಯುತ್ತದೆ, 2.87 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟಾಗ ಹೊಳಪು ತುಸು ಕುಗ್ಗುತ್ತದೆ. ಕಾಂತಕ್ಷೇತ್ರವಿದ್ದರೆ ಆ ತಗ್ಗು ಎರಡಾಗಿ ಸೀಳುತ್ತದೆ; ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಗಿಗಾಪ್ಯಾಸ್ಕಲ್ಲಿಗೆ (ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟಿಗೆ) ಸುಮಾರು 14.6 ಮೆಗಾಹರ್ಟ್ಸ್ ಮೇಲೆ ಸರಿಯುತ್ತದೆ. ಮಾದರಿಯನ್ನು ಎರಡು ಕಡೆಯಿಂದ ಒತ್ತುವ ಅಡಿಗಲ್ಲೂ ವಜ್ರವೇ ಆದ್ದರಿಂದ, ಅದರ ತುದಿಯಲ್ಲೇ ಈ ದೋಷಗಳನ್ನು ಹುದುಗಿಸಬಹುದು. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮೂರು ತಂಡಗಳ ಪ್ರಬಂಧಗಳು ಒಟ್ಟಿಗೆ ಬಂದಾಗಲೇ ನನಗೆ ಈ ಹುಚ್ಚು ಹತ್ತಿದ್ದು.

ನನ್ನ ಗುರಿ ಕಬ್ಬಿಣ. 13 ಗಿಗಾಪ್ಯಾಸ್ಕಲ್ ಆಸುಪಾಸಿನಲ್ಲಿ ಅದರ ಹರಳಿನ ರಚನೆ ಬದಲಾಗಿ ಅಯಸ್ಕಾಂತ ಗುಣ ಹೋಗುತ್ತದೆ. ಮೈಕ್ರೋವೇವ್ ಒಯ್ಯುವ ತಂತಿ ವಜ್ರಕ್ಕೂ, ಮಾದರಿಯನ್ನು ಸುತ್ತುವರಿದು ಹಿಡಿಯುವ ಲೋಹದ ಗ್ಯಾಸ್ಕೆಟ್ಟಿಗೂ ನಡುವೆ ಹಾಯಬೇಕು. ಗ್ಯಾಸ್ಕೆಟ್ಟಿಗೆ ತಗುಲಿದರೆ ಶಾರ್ಟ್. ವಿದ್ಯುತ್ ಹರಿಯದ ಅಲ್ಯೂಮಿನಾ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ಬಳಿದೆ, ಶಾರ್ಟ್ ನಿಂತಿತು. ಆದರೆ ಸ್ಕ್ರೂ ಬಿಗಿಯುತ್ತಿದ್ದಂತೆ ಗ್ಯಾಸ್ಕೆಟ್ ಹೊರಕ್ಕೆ ಹರಡಿ ತಂತಿಯನ್ನೂ ಎಳೆಯುತ್ತದೆ, ವಜ್ರದ ಅಂಚಿನಲ್ಲಿ ಕಡಿಯುತ್ತದೆ. ಹನ್ನೆರಡನೆಯದನ್ನು ಮೊದಲೇ ಹಾಳೆಯಂತೆ ಚಪ್ಪಟೆ ಮಾಡಿ, ಅಂಚಿನ ಬಳಿ ಸ್ವಲ್ಪ ಸಡಿಲ ಬಿಟ್ಟೆ. ಉಳಿಯಿತು.

6 ಗಿಗಾಪ್ಯಾಸ್ಕಲ್ಲಿನಲ್ಲಿ ತಗ್ಗು ಚೆನ್ನಾಗಿ ಸೀಳಿತ್ತು. ಕಬ್ಬಿಣ ಮಾತನಾಡಿತು ಎಂದು ಹಿಗ್ಗಿ ಎಲ್ಲರಿಗೂ ಕಾಫಿ ಕೊಡಿಸಿದೆ. ಮರುದಿನ ಲೇಸರನ್ನು ಕಬ್ಬಿಣವೇ ಇಲ್ಲದ ಮೂಲೆಗೆ ಸರಿಸಿದರೆ ಅಲ್ಲೂ ಅಷ್ಟೇ ಸೀಳು! ಅಡಿಗಲ್ಲಿನ ತುದಿಯ ಮೇಲೆ ಒತ್ತಡ ಎಲ್ಲ ದಿಕ್ಕಿಗೂ ಸಮವಲ್ಲ. ಆ ಅಸಮತೆಯೂ ತಗ್ಗನ್ನು ಸೀಳುತ್ತದೆ. ಓದಿದ್ದ ವಿಷಯವೇ, ಆಸೆಯಲ್ಲಿ ಮರೆತಿದ್ದೆ. ಆಮೇಲೆ ಹೊರಗಿನಿಂದ ಗೊತ್ತಿರುವಷ್ಟು ಕಾಂತಕ್ಷೇತ್ರ ಹಾಕಿ, ಕಬ್ಬಿಣದ ಅಂಚಿನ ಅಳತೆಯನ್ನು ಪ್ರತಿಸಲವೂ ದೂರದ ಮೂಲೆಯ ಅಳತೆಯ ಜೊತೆ ಹೋಲಿಸತೊಡಗಿದೆ. ಒತ್ತಡ ಎಷ್ಟೆಂದು ತಿಳಿಯಲು ಮಾತ್ರ ಪಕ್ಕದಲ್ಲಿಟ್ಟ, ಒತ್ತಡಕ್ಕೆ ತಕ್ಕಂತೆ ಹೊಳಪಿನ ಬಣ್ಣ ಬದಲಿಸುವ ಮಾಣಿಕ್ಯದ ಚೂರನ್ನೇ ನಂಬಿದೆ.

13 ದಾಟಿದ ಮೇಲೆ ಎರಡರ ವ್ಯತ್ಯಾಸ ಕರಗುತ್ತಾ ಬಂತು, ಒಮ್ಮೆಲೇ ಅಲ್ಲ. ಇಳಿಸುವಾಗ 13ಕ್ಕೆ ಬಂದರೂ ಕಬ್ಬಿಣ ಸುಮ್ಮನಿತ್ತು. ಇನ್ನೂ ಕೆಳಗಿಳಿದ ಮೇಲೆ ಮೆಲ್ಲಗೆ ಮರಳಿತು. ಆ ಮರಳುವಿಕೆಯನ್ನು ಎರಡನೇ ಸಲ ಅಳೆಯುತ್ತಿದ್ದಾಗ ಪರದೆಯ ಮೇಲಿನ ಗೆರೆ ಸಪಾಟಾಯಿತು. ತಂತಿ ಹೋಗಿತ್ತು.