ಸ್ಕಾಟಿಷ್ ಕಂಟ್ರಿ ಡಾನ್ಸ್ ಸೂಚನೆ ಓದುವಾಗ ಮೊದಲು ಅಂಕಿ ನೋಡಿ

ಬರೆದಿಟ್ಟ ಸೂಚನೆ ನೋಡಿ ಡಾನ್ಸ್ ಕಲಿಯುವವರು ಮೊದಲ ಸಲ ಪದಗಳನ್ನು ಬಿಟ್ಟು ಎಡಗಡೆಯ ಬಾರ್ (ಸಂಗೀತದ ತಾಳದ ಒಂದು ಸಣ್ಣ ಭಾಗ) ಅಂಕಿಗಳನ್ನಷ್ಟೇ ಓದಿ. ಸಂಗೀತದ ಒಂದು ಬಾರ್‌ಗೆ ಒಂದು ಪೂರ್ತಿ ಸ್ಟೆಪ್. ಹಾಗಾಗಿ ಎಷ್ಟು ದೂರ ಹೋಗಬೇಕು, ಎಷ್ಟು ಸುತ್ತಬೇಕು ಅನ್ನೋದನ್ನ ಅಂಕಿಯೇ ಹೇಳಿಬಿಡುತ್ತದೆ. ‘1-4: 1ನೇ ಜೋಡಿ ಸೆಟ್ ಮಾಡಿ ಒಂದು ಜಾಗ ಕಾಸ್ಟ್ ಆಫ್’ ಅಂತ ಇದೆ ಅಂದುಕೊಳ್ಳಿ. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು; ಎದುರುಬದುರು ನಿಂತವರು ಒಂದು ಜೋಡಿ, ಮೇಲಿನಿಂದ 1, 2, 3 ಅಂತ ಎಣಿಕೆ. ಸೆಟ್ ಅಂದರೆ ನಿಂತ ಜಾಗದಲ್ಲೇ ಬಲಕ್ಕೊಂದು, ಎಡಕ್ಕೊಂದು ಸ್ಟೆಪ್ ಹಾಕುವುದು; ಅದಕ್ಕೆ 2 ಬಾರ್ ಹೋಯಿತು. ಉಳಿದಿದ್ದು ಎರಡೇ. ಅಷ್ಟರಲ್ಲಿ ಕಾಸ್ಟ್ ಆಫ್ ಮಾಡಬೇಕು, ಅಂದರೆ ಹೊರಕ್ಕೆ ತಿರುಗಿ, ನಿಮ್ಮ ಸಾಲಿನ ಹಿಂದಿನಿಂದ ಕೆಳಗಿನ ಜಾಗಕ್ಕೆ ಬಂದು ನಿಲ್ಲಬೇಕು. ಆದರೆ ಆ ಜಾಗದಲ್ಲಿ 2ನೇ ಜೋಡಿ ನಿಂತಿದೆ, ಅಲ್ವಾ? ಅವರು 3-4ನೇ ಬಾರ್‌ನಲ್ಲಿ ಮೇಲಕ್ಕೆ ಸರಿಯಬೇಕು. ಎಷ್ಟೋ ಸೂಚನೆಗಳಲ್ಲಿ ಇದನ್ನು ಬರೆದೇ ಇರುವುದಿಲ್ಲ, ನಾವೇ ಊಹಿಸಿಕೊಳ್ಳಬೇಕು. ಮೇಜಿನ ಮೇಲೆ ಗಂಡಸರ ಸಾಲಿಗೆ ಮೂರು ಸ್ಟೀಲ್ ಲೋಟ, ಹೆಂಗಸರ ಸಾಲಿಗೆ ಮೂರು ಗಾಜಿನ ಲೋಟ ಇಟ್ಟು ಸರಿಸಿ ನೋಡಿ, ಯಾರು ಯಾರಿಗೆ ಅಡ್ಡ ಬರುತ್ತಾರೆ ಅಂತ ತಕ್ಷಣ ಕಾಣುತ್ತದೆ. ಸ್ಟ್ರಾಥ್‌ಸ್ಪೇ ಅನ್ನೋ ಬಗೆಯ ಡಾನ್ಸ್ ನಿಧಾನವಾದರೂ ಲೆಕ್ಕ ಇದೇ. ಈ ಉಪಾಯ ಕೈಕೊಡುವುದು ಎರಡು ಕಡೆ. ನಾಲ್ಕೈದು ಚಲನೆಗಳನ್ನು ಒಟ್ಟಿಗೆ ‘1-8’ ಅಂತ ಬರೆದಿದ್ದರೆ ಯಾವುದಕ್ಕೆ ಎಷ್ಟು ಬಾರ್ ಅಂತ ಗೊತ್ತಾಗುವುದಿಲ್ಲ. ಪೂಸೆಟ್, ಅಲಮಾಂಡ್‌ನಂಥ, ಜೋಡಿಗಳು ಜಾಗ ಬದಲಿಸುವ ಚಲನೆಗಳ ಹೆಸರು ಮಾತ್ರ ಕೊಟ್ಟಿದ್ದರೂ ಅಷ್ಟೇ. 8 ಬಾರ್ ಅಂತ ತಿಳಿದರೂ ದಾರಿ ತಿಳಿಯುವುದಿಲ್ಲ. ಅದರಲ್ಲೂ ಪೂಸೆಟ್ ವೇಗದ ಡಾನ್ಸ್ ಆದ ರೀಲ್‌ನಲ್ಲಿ ಒಂದು ಥರ, ಸ್ಟ್ರಾಥ್‌ಸ್ಪೇಯಲ್ಲಿ ಇನ್ನೊಂದು ಥರ. ಅವನ್ನು ಬಲ್ಲವರ ಜೊತೆ ಕುಣಿದೇ ಕಲಿಯಿರಿ.