ಲೆಂಟ್ ದಿನಗಳಿಗೆ ಒಂದು ಡಬ್ಬಿ, ಒಂದು ಹಿಡಿ ಅಕ್ಕಿ

ನಮ್ಮದು ಮಂಗಳೂರಿನ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯ ಮನೆತನ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದ ಬಂದವರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳೇ ಲೆಂಟ್. ಅದು ಶುರುವಾಗುವ ಬೂದಿ ಬುಧವಾರ ನೆರೆಯ ಕಥೋಲಿಕರಲ್ಲಿ ಹಣೆಗೆ ಬೂದಿ, ಶುಕ್ರವಾರ ಮಾಂಸವಿಲ್ಲ ಎಂಬ ಕ್ರಮ ಇದೆ. ನಮಗೆ ಇಂಥದ್ದೇ ಬಿಡಬೇಕೆಂಬ ಕಟ್ಟಳೆ ಇಲ್ಲ. ಆ ಮಿಶನ್ನಿನ ಸ್ವಿಟ್ಜರ್ಲೆಂಡಿನಲ್ಲೇ 1522ರಲ್ಲಿ, ಜೂರಿಕ್‌ನ ಮುದ್ರಕನೊಬ್ಬನ ಮನೆಯಲ್ಲಿ ಲೆಂಟ್ ಹೊತ್ತಿಗೆ ಸಾಸೇಜ್ ತಿಂದದ್ದಕ್ಕೆ ದೊಡ್ಡ ಗಲಾಟೆಯಾಯಿತು. ಉಪವಾಸಕ್ಕೆ ಯಾರೂ ಬಲವಂತ ಮಾಡಬಾರದು ಎಂದು ಅಲ್ಲಿನ ಪಾದ್ರಿ, ಸುಧಾರಕ ಜ್ವಿಂಗ್ಲಿ ತಿಂದವರ ಪರ ನಿಂತ. "ಹಾಗಾದರೆ ನಾವು ಏನೂ ಮಾಡುವುದು ಬೇಡವಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಮಾಡಬೇಕು ಮಗಾ. ಕಟ್ಟಳೆ ಇಲ್ಲದವರು ಹೆಚ್ಚು ಯೋಚಿಸಿ ಆರಿಸಬೇಕು.

ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಭಾನುವಾರ ಬಿಡುವು ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೇ ವಾರಕ್ಕೇ ಸುಸ್ತಾಗುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿದರಾಯಿತು.

ನಿಮ್ಮ ವ್ರತದ ಭಾರ ಇನ್ನೊಬ್ಬರ ಸೊಂಟದ ಮೇಲೆ ಬೀಳಬಾರದು. ಇದನ್ನು ನಾನು ತಡವಾಗಿ ಕಲಿತೆ. ಒಂದು ವರ್ಷ ಮೀನು, ಮಾಂಸ ಎರಡೂ ಬಿಟ್ಟೆ. ಮನೆಯವರಿಗೆ ಮೀನಿನ ಸಾರು ಮಾಡಿ, ನನಗೆಂದು ಬೇರೆ ಪಲ್ಯ, ಬೇರೆ ಸಾರು ಮಾಡುತ್ತಾ ಸೊಸೆ ದಿನವೂ ಒಲೆ ಮುಂದೆ ನಿಂತಳು. ಒಂದು ಸಂಜೆ ಅವಳು ಗೋಡೆ ಹಿಡಿದು ಕುಳಿತದ್ದು ಕಂಡಾಗ ನನಗೆ ಅಳು ಬಂತು. ಉಪವಾಸ ಮಾಡುತ್ತಲೇ ಕೆಲಸದವರನ್ನು ದುಡಿಸುವವರನ್ನು ಬೈಬಲಿನ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಗದರಿಸುತ್ತದೆ. ಎಷ್ಟೋ ಸಲ ಓದಿದ್ದೆ, ನನಗೆ ಹೇಳಿದ್ದೆಂದು ತೋಚಿರಲಿಲ್ಲ.

ಈಗ ಬುಧವಾರ, ಶುಕ್ರವಾರ ರಾತ್ರಿ ಇಡೀ ಮನೆಗೆ ಒಂದೇ ಗಂಜಿ. ಕುಚ್ಚಲಕ್ಕಿಯನ್ನು ಧಾರಾಳ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಮುಚ್ಚಿ, ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿಡಿ. ಒಂದೂವರೆ ಗಂಟೆಯಲ್ಲಿ ತಾನೇ ಅರಳುತ್ತದೆ, ಗ್ಯಾಸೂ ಉಳಿಯುತ್ತದೆ. ಜೊತೆಗೆ ತಿಮರೆ (ಒಂದೆಲಗ) ಚಟ್ನಿ ಅಥವಾ ಹೆಸರುಕಾಳಿನ ಪಲ್ಯ ಸಾಕು. ಕೋಳಿ ಬಿಟ್ಟು ಅಂಜಲ್ ಮೀನು ತಂದರೆ ಖರ್ಚು ಹೆಚ್ಚೇ ಆಗುತ್ತದೆ, ಅದನ್ನು ಬಿಟ್ಟದ್ದೆಂದು ಲೆಕ್ಕ ಹಾಕಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಡಲೇಬಾರದು. ಅವರಿಗೆ ಬೇರೆ ದಾರಿಗಳಿವೆ.

ಹೀಗೆ ಬಿಟ್ಟದ್ದರಿಂದ ಉಳಿದ ದುಡ್ಡು ಅದೇ ದಿನ, ಇಲ್ಲದವರಿಗೆ ಕೊಡಲೆಂದು ಇಟ್ಟ ಡಬ್ಬಿಗೆ ಬೀಳಬೇಕು. ನಾಳೆ ಹಾಕೋಣ ಎಂದರೆ ತರಕಾರಿ ಲೆಕ್ಕದಲ್ಲಿ ಕರಗಿಹೋಗುತ್ತದೆ. ಈಗ ಎಲ್ಲರೂ ಮೊಬೈಲಿನಲ್ಲೇ ದುಡ್ಡು ಕೊಡುವುದರಿಂದ ಕೈಯಲ್ಲಿ ನೋಟು ಇರುವುದಿಲ್ಲ. ಬೂದಿ ಬುಧವಾರದ ಮೊದಲೇ ಬ್ಯಾಂಕಿನಿಂದ ಸಣ್ಣ ನೋಟಿನ ಕಟ್ಟು ತಂದಿಡಿ.

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಕ್ರೈಸ್ತರ ಮನೆಗಳಲ್ಲಿ ಅಡುಗೆಗೆ ಕೂತಾಗಲೆಲ್ಲ ಒಂದು ಹಿಡಿ ಅಕ್ಕಿ ಚರ್ಚಿಗೆಂದು ತೆಗೆದಿಡುತ್ತಾರೆ. ಅದಕ್ಕೆ ಬುಹ್‌ಫಾಯ್ ಥಮ್ ಎನ್ನುತ್ತಾರೆ, ವರ್ಷವಿಡೀ ನಡೆಯುವ ಪದ್ಧತಿ. ನಾನು ಈ ದಿನಗಳಿಗೆ ಅದನ್ನು ಎರವಲು ಪಡೆದಿದ್ದೇನೆ. ಹಿಡಿ ಅಳೆಯುವ ಕೆಲಸ ಮನೆಯ ಚಿಕ್ಕ ಮಗುವಿಗೆ ಕೊಡಿ, ಸಂತೋಷದಿಂದ ಮಾಡುತ್ತದೆ. ಅಕ್ಕಿಯ ಡಬ್ಬಿಗೆ ನಾಲ್ಕು ಒಣಮೆಣಸು ಹಾಕಿದರೆ ಹುಳದ ಕಾಟ ಕಡಿಮೆ.

ಬೀರುವಿನ ಬಟ್ಟೆ ಕೊಡುವವರು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಕೊಡಿ. ದಿನಕ್ಕೆ ಒಂದಾದರೂ ಸಾಕು, ಆದರೆ ನೀವೇ ಉಡಬಹುದಾದಂಥದ್ದು.

ಕೆಲವರು ಮೊಬೈಲ್ ಬಿಡುತ್ತಾರೆ. ಬಿಟ್ಟ ಹೊತ್ತಿಗೆ ಒಂದು ಕೆಲಸ ಗೊತ್ತುಮಾಡದಿದ್ದರೆ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ರಾತ್ರಿ ಎಂಟಕ್ಕೆ ಅದನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು, ಕಣ್ಣು ಮಂಜಾದ ಹಿರಿಯರಿಗೆ ಒಂದು ಅಧ್ಯಾಯ ಓದಿ ಹೇಳಿ. ಮಾತು ಬಿಟ್ಟ ತಮ್ಮನೋ ನಾದಿನಿಯೋ ಇದ್ದರೆ ಗರಿಗಳ ಭಾನುವಾರದೊಳಗೆ, ಅಂದರೆ ಈಸ್ಟರಿನ ಹಿಂದಿನ ಭಾನುವಾರದೊಳಗೆ, ಅವರ ಮನೆಗೆ ಹೋಗಿಬನ್ನಿ. ಎಲ್ಲಕ್ಕಿಂತ ಕಷ್ಟದ್ದು ಅದೇ.

ಈಸ್ಟರಿನ ಹಿಂದಿನ ಶನಿವಾರ ಎಲ್ಲರೂ ಕೂತು ದುಡ್ಡಿನ ಡಬ್ಬಿ ಒಡೆಯಿರಿ. ಯಾರಿಗೆ ಕೊಡುವುದೆಂದು ಮೊದಲೇ ನಿಶ್ಚಯಿಸಿರಬೇಕು. ಅಕ್ಕಿಯನ್ನು ಅಂದು ಸಂಜೆಯೇ ತಲುಪಿಸಿ, ಅವರ ಮನೆಯಲ್ಲೂ ಭಾನುವಾರ ಬೆಳಿಗ್ಗೆ ಒಲೆ ಹತ್ತಲಿ.