ಹೆಚ್ಚಾಯ್ತು ಸರಿ, ಎಷ್ಟು ಹೆಚ್ಚಾಯ್ತು?

ಎಂ.ಎಸ್ಸಿ. ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ತಿದ್ದುವಾಗ ನನ್ನ ಕೆಂಪು ಪೆನ್ನು ಜಾಸ್ತಿ ಓಡುವುದು ಒಂದೇ ಜಾಗದಲ್ಲಿ. ಪ್ರಯೋಗ ಚೆನ್ನಾಗಿರುತ್ತದೆ. ಕೋಶಗಳು ಚೆನ್ನಾಗಿ ಬೆಳೆದಿರುತ್ತವೆ. ಕೊನೆಗೆ ಬರುವ ಸಾಲು ಮಾತ್ರ ಹೀಗಿರುತ್ತದೆ: ‘ಔಷಧ ಹಾಕಿದ ಮೇಲೆ ಜೀನ್ ಚಟುವಟಿಕೆ ಶೇ 300ರಷ್ಟು ಕಡಿಮೆಯಾಯಿತು.’ ಶೇ 100 ಕಡಿಮೆಯಾದರೇ ಉಳಿಯುವುದು ಸೊನ್ನೆ. ಮಿಕ್ಕ 200 ಎಲ್ಲಿಂದ ಕಳೆದರೋ ಗೊತ್ತಿಲ್ಲ.

ವಿದ್ಯಾರ್ಥಿಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಆರೋಗ್ಯದ ಸುದ್ದಿ ಬರೆಯುವವರು, ಪುಡಿ–ಮಾತ್ರೆ ಮಾರುವವರು, ಬ್ಲಡ್ ರಿಪೋರ್ಟ್ ಹಿಡಿದು ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತೀರ್ಪು ಕೊಡುವವರು, ಎಲ್ಲರೂ ಇದೇ ಗುಂಡಿಗೆ ಬೀಳುತ್ತಾರೆ. ಏರಿಕೆ–ಇಳಿಕೆ ಅಳೆಯುವುದಕ್ಕೆ ಒಂದು ಕ್ರಮ ಇದೆ. ಅದು ಕಷ್ಟವೇನಲ್ಲ, ಆದರೆ ಹೆಜ್ಜೆ ಹಾರಿಸುವಂತಿಲ್ಲ.

ಹೆಜ್ಜೆ 1: ಎರಡು ಸಂಖ್ಯೆ ಬರೆದುಕೊಳ್ಳಿ

ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಯೂನಿಟ್ ಸಮೇತ ಬರೆಯಿರಿ, ಅಷ್ಟೇ. ಯೂನಿಟ್ ನೋಡದಿದ್ದರೆ ಏನಾಗುತ್ತದೆ ಅನ್ನುವುದು ಡೆಂಗಿ ಸೀಸನ್ನಿನಲ್ಲಿ ಗೊತ್ತಾಗುತ್ತದೆ. ಒಂದು ಲ್ಯಾಬ್ ಪ್ಲೇಟ್‌ಲೆಟ್ 1.5 ಲಕ್ಷ ಅಂತ ಬರೆಯುತ್ತದೆ, ಇನ್ನೊಂದು ಸಾವಿರದ ಲೆಕ್ಕದಲ್ಲಿ 150 ಅಂತ ಬರೆಯುತ್ತದೆ. ಎರಡೂ ಒಂದೇ. ಅಷ್ಟರಲ್ಲಿ ಮನೆಯವರು ಪಪ್ಪಾಯಿ ಎಲೆ ಹುಡುಕಿಕೊಂಡು ಹೊರಟಿರುತ್ತಾರೆ.

ಹೆಜ್ಜೆ 2: ಆ ಬದಲಾವಣೆ ನಿಜವೇ ಅಂತ ನೋಡಿ

ಔಷಧ ಬದಲಿಸದೆ, ಊಟ ಬದಲಿಸದೆ, ಎರಡು ವಾರ ಬಿಟ್ಟು ಅದೇ ವ್ಯಕ್ತಿಯ ರಕ್ತ ಪರೀಕ್ಷಿಸಿದರೂ ಅದೇ ಸಂಖ್ಯೆ ಬರುವುದಿಲ್ಲ. ದೇಹವೂ ಏರಿಳಿಯುತ್ತದೆ, ಯಂತ್ರವೂ ಸ್ವಲ್ಪ ಆಚೀಚೆ ಹೋಗುತ್ತದೆ. ಹಾಗಾಗಿ ಇಷ್ಟಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ನಂಬುತ್ತೇನೆ ಅನ್ನುವ ಒಂದು ಗೆರೆ ಬೇಕು.

ಲೆಕ್ಕ ಹೀಗೆ. ಒಟ್ಟು ಕೊಲೆಸ್ಟ್ರಾಲ್ ತೆಗೆದುಕೊಳ್ಳಿ. ಒಬ್ಬರ ದೇಹದೊಳಗಿನ ಏರಿಳಿತ ಸುಮಾರು ಶೇ 5, ಯಂತ್ರದ್ದು ಶೇ 3 ಅಂದುಕೊಳ್ಳಿ. ಎರಡನ್ನೂ ವರ್ಗ ಮಾಡಿ ಕೂಡಿಸಿದರೆ 25 + 9 = 34. ವರ್ಗಮೂಲ 5.8. ಇದನ್ನು 2.77ರಿಂದ ಗುಣಿಸಿದರೆ 16. ಈ 2.77 ಎಲ್ಲಿಂದ ಬಂತು ಅಂದರೆ, ಶೇ 95ರ ಭರವಸೆಗೆ ಬಳಸುವ 1.96 ಇದೆಯಲ್ಲ, ಅದನ್ನು 2ರ ವರ್ಗಮೂಲದಿಂದ ಗುಣಿಸಿದ್ದು. ಹಳೆಯ ರಿಪೋರ್ಟ್, ಹೊಸ ರಿಪೋರ್ಟ್ ಎರಡೂ ಅಲುಗಾಡುವುದರಿಂದ ಆ 2. ಅಂದಮೇಲೆ ಕೊಲೆಸ್ಟ್ರಾಲ್ 200ರಿಂದ 180ಕ್ಕೆ ಬಂದರೆ ಅದು ಶೇ 10 ಇಳಿಕೆ. ಗೆರೆ ಇರುವುದು ಶೇ 16ಕ್ಕೆ. ಖುಷಿಪಡಲು ಇನ್ನೊಂದು ರಿಪೋರ್ಟ್ ಬರಲಿ.

ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್. ಅದರ ಕಥೆ ಇನ್ನೂ ಮಜವಾಗಿದೆ. ಅದರ ಏರಿಳಿತ ಸುಮಾರು ಶೇ 20. ಅದೇ ಲೆಕ್ಕ ಹಾಕಿದರೆ ಗೆರೆ ಶೇ 56ಕ್ಕೆ ಹೋಗುತ್ತದೆ. ‘ನಮ್ಮ ಪುಡಿ ತಿಂದ ಒಬ್ಬರಿಗೆ ತಿಂಗಳಲ್ಲಿ ಶೇ 30 ಇಳಿಯಿತು’ ಅನ್ನುವ ಜಾಹೀರಾತು ನೋಡಿದರೆ ಸುಮ್ನೆ ಪುಟ ತಿರುಗಿಸಿ. ಪುಡಿ ತಿನ್ನದೆ ಇದ್ದರೂ ಅಷ್ಟು ಇಳಿಯಬಹುದು.

ಲ್ಯಾಬಿನವರಿಗೆ ಒಂದು ಮಾತು. ಒಂದೇ ಟ್ಯೂಬಿನಿಂದ ಮೂರು ಸಲ ಪಿಪೆಟ್ ಮಾಡಿ ಮೂರು ಸ್ಯಾಂಪಲ್ ಅಂತ ಬರೆಯಬೇಡಿ. ಅದರಿಂದ ಗೊತ್ತಾಗುವುದು ನಿಮ್ಮ ಕೈ ಎಷ್ಟು ಸ್ಥಿರ ಅನ್ನುವುದು. ಇಲಿ ಇಲಿಗೂ ಎಷ್ಟು ವ್ಯತ್ಯಾಸ ಅನ್ನುವುದು ಅಲ್ಲ.

ಹೆಜ್ಜೆ 3: ಯಾವುದರಿಂದ ಭಾಗಿಸುತ್ತೀರಿ?

ಇಲ್ಲೇ ಎಲ್ಲರೂ ಜಾರುವುದು. ನಿಧಾನವಾಗಿ ಹೋಗೋಣ.

ಶೇಕಡಾ ಬದಲಾವಣೆಗೆ ಕೆಳಗೆ ಬರುವುದು ಯಾವಾಗಲೂ ಮೊದಲಿನ ಸಂಖ್ಯೆ. 80 ಇದ್ದದ್ದು 120 ಆದರೆ ಶೇ 50 ಏರಿಕೆ. ಅದೇ 120 ಮತ್ತೆ 80 ಆದರೆ ಶೇ 33 ಇಳಿಕೆ. ಹೋದ ದೂರ ಒಂದೇ, ಶೇಕಡಾ ಬೇರೆ. ‘ಶೇ 50 ಏರಿತ್ತು, ಶೇ 50 ಇಳಿಯಿತು, ಮೊದಲಿನಂತಾಯಿತು’ ಅಂತ ಬರೆದರೆ ತಪ್ಪು. ಅದು 60ಕ್ಕೆ ಬಂದು ನಿಂತಿರುತ್ತದೆ. ಹಾಗೆಯೇ ಮೂರು ಪಟ್ಟಾಯಿತು ಅಂದರೆ ಏರಿಕೆ ಶೇ 200, ಶೇ 300 ಅಲ್ಲ. ಮೂರನೇ ಒಂದು ಭಾಗವಾಯಿತು ಅಂದರೆ ಇಳಿಕೆ ಶೇ 67. ನನ್ನ ಕೇಳಿದರೆ ಇಳಿಕೆಗೆ ‘ಪಟ್ಟು’ ಪದವನ್ನೇ ಬಳಸಬೇಡಿ. ‘ಮೂರನೇ ಒಂದು ಭಾಗಕ್ಕೆ ಇಳಿಯಿತು’ ಅನ್ನಿ, ಯಾರಿಗೂ ಗೊಂದಲವಾಗುವುದಿಲ್ಲ.

ಇನ್ನು, ಅಳತೆಯೇ ಶೇಕಡಾದಲ್ಲಿ ಇದ್ದರೆ? ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ ನೋಡಿ, ಅಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಅನ್ನುವ ಅಳತೆ. ಅದು ಶೇ 8ರಿಂದ ಶೇ 7ಕ್ಕೆ ಬಂತು. ಇಳಿದದ್ದು ಶೇ 1ಓ, ಶೇ 12.5ಓ? ಒಂದನ್ನು ಎಂಟರಿಂದ ಭಾಗಿಸಿದರೆ ಶೇ 12.5. ಬರೀ ಕಳೆದರೆ 1 ಪರ್ಸೆಂಟೇಜ್ ಪಾಯಿಂಟ್. ಡಾಕ್ಟರುಗಳು ಹೇಳುವುದು ಈ 1 ಪಾಯಿಂಟ್, ಅದೇ ಸರಿ. ಯಾಕೆ ಸರಿ ಅನ್ನುವುದು ಇನ್ನೂ ಸ್ವಾರಸ್ಯ.

ಬ್ರಿಟನ್ನಿನಲ್ಲಿರುವ ನಿಮ್ಮ ಅಣ್ಣನೋ ತಂಗಿಯೋ ಇದೇ ಪರೀಕ್ಷೆ ಮಾಡಿಸಿದರೆ ರಿಪೋರ್ಟು ಬೇರೆ ಯೂನಿಟ್ಟಿನಲ್ಲಿ ಬರುತ್ತದೆ, ಒಂದು ಮೋಲ್‌ಗೆ ಇಷ್ಟು ಮಿಲಿಮೋಲ್ ಅಂತ. ನಮ್ಮ 8 ಅಲ್ಲಿ 64. ನಮ್ಮ 7 ಅಲ್ಲಿ 53. ಈಗ ಶೇಕಡಾ ಇಳಿಕೆ ಹಾಕಿ: 11 ಭಾಗಿಸು 64, ಅಂದರೆ ಶೇ 17. ಅದೇ ರಕ್ತ, ಅದೇ ಇಳಿಕೆ. ಇಲ್ಲಿ ಶೇ 12.5, ಅಲ್ಲಿ ಶೇ 17! ಕಾರಣ, ಎರಡೂ ಅಳತೆಗಳ ಸೊನ್ನೆ ಒಂದೇ ಜಾಗದಲ್ಲಿಲ್ಲ. ನಮ್ಮ ಸಂಖ್ಯೆಯನ್ನು 10.93ರಿಂದ ಗುಣಿಸಿ 23.5 ಕಳೆದರೆ ಅವರದು ಸಿಗುತ್ತದೆ. ಆ ಕಳೆಯುವ 23.5 ಇದೆಯಲ್ಲ, ಅದೇ ಕಿತಾಪತಿ ಮಾಡುವುದು. ಇಬ್ಬರು ಮಕ್ಕಳನ್ನು ಸ್ಟೂಲ್ ಮೇಲೆ ನಿಲ್ಲಿಸಿ ನೆಲದಿಂದ ಎತ್ತರ ಅಳೆದ ಹಾಗೆ: ಒಬ್ಬನಿಗಿಂತ ಇನ್ನೊಬ್ಬ ಎಷ್ಟು ಉದ್ದ ಅನ್ನುವುದು ಸರಿ ಸಿಗುತ್ತದೆ, ಎಷ್ಟು ಶೇಕಡಾ ಉದ್ದ ಅನ್ನುವುದು ಕೆಟ್ಟುಹೋಗುತ್ತದೆ.

ಜ್ವರಕ್ಕೂ ಇದೇ ನಿಯಮ. 37 ಡಿಗ್ರಿ ಸೆಲ್ಸಿಯಸ್ ಇದ್ದದ್ದು 39 ಆದರೆ ಶೇ 5.4 ಏರಿಕೆ. ಫ್ಯಾರನ್‌ಹೀಟ್‌ನಲ್ಲಿ ಅದೇ ಜ್ವರ 98.6ರಿಂದ 102.2ಕ್ಕೆ, ಶೇ 3.7. ಹಾಗಾಗಿ ಜ್ವರಕ್ಕೆ ಶೇಕಡಾ ಹೇಳಬೇಡಿ, ಡಿಗ್ರಿ ಹೇಳಿ. ರಕ್ತದ ಪಿಎಚ್ ಅಂತೂ ಇನ್ನೂ ಮೋಸ. 7.4ರಿಂದ 7.1ಕ್ಕೆ ಬಂದರೆ ನೋಡಲು ಶೇ 4 ಇಳಿಕೆ. ಆದರೆ ಪಿಎಚ್ ಅನ್ನುವುದು ಲಾಗ್ ಲೆಕ್ಕ. ಒಳಗೆ ಹೈಡ್ರೋಜನ್ ಅಯಾನುಗಳು ಎರಡರಷ್ಟಾಗಿರುತ್ತವೆ, ರೋಗಿ ಐಸಿಯುನಲ್ಲಿರುತ್ತಾನೆ.

ನಿಮ್ಮ ಅಳತೆಯ ಸೊನ್ನೆ ನಿಜಕ್ಕೂ ‘ಏನೂ ಇಲ್ಲ’ ಅನ್ನುವ ಸೊನ್ನೆಯೇ? ಹೌದಾದರೆ ಶೇಕಡಾ, ಪಟ್ಟು ಎಲ್ಲ ಹಾಕಿ. ಅಲ್ಲವಾದರೆ ಬರೀ ಕಳೆದು ವ್ಯತ್ಯಾಸ ಹೇಳಿ.

ಇದೇ ಹೆಜ್ಜೆಯಲ್ಲಿ ಇನ್ನೊಂದು ಬಲೆ: ಅಪಾಯದ ಲೆಕ್ಕ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಮೂರನೇ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಹೇಳಿದ್ದು ಸುಳ್ಳಲ್ಲ. ಹಳೆಯ ಮಾತ್ರೆ ತೆಗೆದುಕೊಂಡ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಆಗುತ್ತಿದ್ದದ್ದು ಹೊಸದರಿಂದ ಇಬ್ಬರಿಗೆ. ಆದರೆ ಜನರ ಕಿವಿಗೆ ಬಿದ್ದದ್ದು ‘ಎರಡು ಪಟ್ಟು’ ಮಾತ್ರ. ಹೆದರಿ ಎಷ್ಟೋ ಮಂದಿ ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಗಿ ಆದವು ಅನ್ನುವುದು ಅಂದಾಜು. ಗರ್ಭ ನಿಂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜಾಸ್ತಿ ಅನ್ನುವುದು ಇಲ್ಲಿ ನೆನಪಿರಲಿ. ಅಪಾಯ ಎಷ್ಟು ಪಟ್ಟು ಅಂತ ಹೇಳುವ ಪ್ರತಿ ಸಾಲಿನಲ್ಲೂ ‘ಇಷ್ಟು ಜನರಲ್ಲಿ ಇಷ್ಟು’ ಅನ್ನುವುದನ್ನು ಸೇರಿಸಲೇಬೇಕು. ಜಾಗ ಇಲ್ಲ ಅನ್ನುವ ನೆಪ ನಾನು ಒಪ್ಪುವುದಿಲ್ಲ.

ಹೆಜ್ಜೆ 4: ಪಟ್ಟು ಬಂದರೆ ಲಾಗ್ ಹಾಕಿ

ಎರಡು ಸ್ಯಾಂಪಲ್ ಇವೆ. ಒಂದರಲ್ಲಿ ಜೀನ್ ಚಟುವಟಿಕೆ ಎರಡು ಪಟ್ಟು, ಇನ್ನೊಂದರಲ್ಲಿ ಅರ್ಧ. ಸರಾಸರಿ? 2 ಮತ್ತು 0.5 ಕೂಡಿಸಿ ಎರಡರಿಂದ ಭಾಗಿಸಿದರೆ 1.25. ಅಂದರೆ ಶೇ 25 ಏರಿಕೆ! ಒಂದು ಎಷ್ಟು ಏರಿತೋ ಇನ್ನೊಂದು ಅಷ್ಟೇ ಇಳಿದಿದೆ, ಏರಿಕೆ ಎಲ್ಲಿಂದ ಬಂತು? ಎರಡರ ಬುಡದ ಲಾಗ್ (ಎರಡನ್ನು ಎಷ್ಟು ಸಲ ಗುಣಿಸಿದರೆ ಆ ಸಂಖ್ಯೆ ಬರುತ್ತದೆ ಅನ್ನುವುದು; ಭಾಗಿಸಬೇಕಾದರೆ ಮೈನಸ್) ಹಾಕಿ ನೋಡಿ: +1 ಮತ್ತು –1. ಸರಾಸರಿ ಸೊನ್ನೆ, ಬದಲಾವಣೆ ಇಲ್ಲ. ಪಟ್ಟುಗಳ ಸರಾಸರಿ ತೆಗೆಯುವಾಗ ಲಾಗ್ ಹಾಕದವರ ರಿಪೋರ್ಟನ್ನು ನಾನು ವಾಪಸ್ ಕಳಿಸುತ್ತೇನೆ.

ಪಿಸಿಆರ್ (ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಅಳೆಯುವ ವಿಧಾನ) ಮಾಡುವವರಿಗೆ ಇದು ಇನ್ನೂ ಮುಖ್ಯ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಸಿಟಿ ಸಂಖ್ಯೆ ನೆನಪಿದೆ ಅಲ್ವಾ? ಮಾಲು ಯಂತ್ರದ ಕಣ್ಣಿಗೆ ಬೀಳಲು ಎಷ್ಟು ಸುತ್ತು ಬೇಕಾಯಿತು ಅನ್ನುವುದೇ ಅದು. ಅದು ಕಡಿಮೆಯಾದಷ್ಟೂ ಮಾಲು ಜಾಸ್ತಿ, ಒಂದೊಂದು ಸುತ್ತಿಗೆ ಎರಡರಷ್ಟು. ಲಿವಾಕ್ ಮತ್ತು ಶ್ಮಿಟ್‌ಗೆನ್ ಅನ್ನುವ ವಿಜ್ಞಾನಿಗಳು 2001ರಲ್ಲಿ ಬರೆದ ಲೆಕ್ಕವನ್ನೇ ಇವತ್ತಿಗೂ ಹೆಚ್ಚಿನವರು ಬಳಸುವುದು. ಉದಾಹರಣೆಗೆ, ಔಷಧ ಹಾಕದ ಕೋಶದಲ್ಲಿ ನಿಮ್ಮ ಜೀನ್ 26, ಹೌಸ್‌ಕೀಪಿಂಗ್ ಜೀನ್ (ಔಷಧದಿಂದ ಬದಲಾಗುವುದಿಲ್ಲ ಅಂತ ಹೋಲಿಕೆಗೆ ಇಟ್ಟುಕೊಂಡದ್ದು) 18. ವ್ಯತ್ಯಾಸ 8. ಔಷಧ ಹಾಕಿದ್ದರಲ್ಲಿ 24 ಮತ್ತು 19. ವ್ಯತ್ಯಾಸ 5. ಐದರಿಂದ ಎಂಟು ಕಳೆದರೆ –3. ಅಂದರೆ ಎರಡನ್ನು ಮೂರು ಸಲ ಗುಣಿಸಿ: ಎಂಟು ಪಟ್ಟು. ಹೌಸ್‌ಕೀಪಿಂಗ್ ಜೀನ್ ಬಿಟ್ಟು ಬರೀ 26 ಮತ್ತು 24 ನೋಡಿದವರಿಗೆ ನಾಲ್ಕೇ ಪಟ್ಟು ಸಿಗುತ್ತದೆ. ಮೈನಸ್ ನೋಡಿ ‘ಕಡಿಮೆಯಾಯಿತು’ ಅಂತ ಬರೆಯುವವರೂ ಇದ್ದಾರೆ.

ಒಂದು ಸುತ್ತಿಗೆ ಎರಡರಷ್ಟು ಅನ್ನುವುದು ಪ್ರೈಮರ್ (ನಕಲು ಶುರು ಮಾಡಿಸುವ ಪುಟ್ಟ ಡಿಎನ್‌ಎ ತುಣುಕು) ಚೆನ್ನಾಗಿದ್ದರೆ ಮಾತ್ರ. 1.9ರಷ್ಟೇ ಆಗುತ್ತಿದ್ದರೆ ಮೂರು ಸುತ್ತಿಗೆ 8ರ ಬದಲು 6.9. ಹತ್ತು ಸುತ್ತಿಗೆ 1,024ರ ಬದಲು 613. ಅಗ್ಗದ ಮಾಸ್ಟರ್ ಮಿಕ್ಸ್ (ಪಿಸಿಆರ್‌ಗೆ ಬೇಕಾದ ರೆಡಿಮೇಡ್ ಮಿಶ್ರಣ) ಕೊಂಡು, ಸುತ್ತಿಗೆ ನಿಜಕ್ಕೂ ಎಷ್ಟರಷ್ಟಾಗುತ್ತಿದೆ ಅಂತ ತೋರಿಸುವ ಸ್ಟ್ಯಾಂಡರ್ಡ್ ಕರ್ವ್ ಹಾಕದೆ ಇರುವುದು ಉಳಿತಾಯವಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಫೋಲ್ಡ್ ಚೇಂಜ್’ (ಎಷ್ಟು ಪಟ್ಟು) ಕ್ಯಾಲ್ಕುಲೇಟರುಗಳನ್ನೂ ದೂರವಿಡಿ. ಯಾವುದನ್ನು ಯಾವುದರಿಂದ ಭಾಗಿಸಿದೆ ಅಂತ ಎಷ್ಟೋ ಕಡೆ ತೋರಿಸುವುದೇ ಇಲ್ಲ.

ಹೆಜ್ಜೆ 5: ಕಂಟ್ರೋಲ್ ಗುಂಪಿನ ಬದಲಾವಣೆ ಕಳೆಯಿರಿ

ಬಿಪಿ ಶಿಬಿರ ಮಾಡಿ, ಜಾಸ್ತಿ ಇದ್ದವರನ್ನು ಮಾತ್ರ ಆರಿಸಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಏನೂ ಕೊಡದಿದ್ದರೂ ಸರಾಸರಿ ಇಳಿದಿರುತ್ತದೆ. ಆವತ್ತು ಆಕಸ್ಮಿಕವಾಗಿ ಏರಿದ್ದವರೂ ಆ ಗುಂಪಿನಲ್ಲಿ ಇರುತ್ತಾರಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಅಪ್ಪ–ಅಮ್ಮ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ಇದನ್ನು ತೋರಿಸಿದ್ದ. ಹಾಗಾಗಿ ಔಷಧದ ಗುಂಪಿನಲ್ಲಿ 12 ಇಳಿದು, ಸುಳ್ಳು ಮಾತ್ರೆಯ (ಅಂದರೆ ಕಂಟ್ರೋಲ್) ಗುಂಪಿನಲ್ಲಿ 8 ಇಳಿದರೆ ಔಷಧದ ಪಾಲು 4 ಮಾತ್ರ. ‘ಔಷಧದ ಗುಂಪಿನಲ್ಲಿ ಇಳಿಕೆ ಗಣನೀಯ, ಇನ್ನೊಂದರಲ್ಲಿ ಅಲ್ಲ, ಆದ್ದರಿಂದ ಔಷಧ ಕೆಲಸ ಮಾಡಿದೆ’ ಅನ್ನುವ ವಾದ ನಡೆಯುವುದಿಲ್ಲ. ಎರಡೂ ಗುಂಪಿನ ಇಳಿಕೆಗಳನ್ನು ನೇರವಾಗಿ ಹೋಲಿಸಿ.

ಹೆಜ್ಜೆ 6: ಗ್ರಾಫು, ಎಕ್ಸೆಲ್

ಕಂಬದ ಗ್ರಾಫು ಹಾಕಿದರೆ ಸೊನ್ನೆಯಿಂದ ಶುರು ಮಾಡಿ. ಪಟ್ಟು ತೋರಿಸುವುದಾದರೆ ಕಂಬ ಬೇಡ. ಲಾಗ್ ಅಕ್ಷದ ಮೇಲೆ ಪ್ರತಿ ಸ್ಯಾಂಪಲ್ಲಿಗೂ ಒಂದು ಚುಕ್ಕಿ ಇಡಿ.

ಎಕ್ಸೆಲ್ ಬಳಸುವವರು ಜೀನ್ ಹೆಸರಿನ ಕಾಲಮ್ಮನ್ನು ಮೊದಲು ಟೆಕ್ಸ್ಟ್ ಅಂತ ಬದಲಿಸಿಕೊಂಡು ಆಮೇಲೆ ಪೇಸ್ಟ್ ಮಾಡಿ. ಸೆಪ್ಟ್2, ಮಾರ್ಚ್1 ಅಂತ ಜೀನುಗಳಿದ್ದವು. ಅವನ್ನು ಹಾಕಿದ ಕೂಡಲೇ ಅದು ಸೆಪ್ಟೆಂಬರ್ 2, ಮಾರ್ಚ್ 1 ಅಂತ ತಾರೀಕು ಮಾಡಿಬಿಡುತ್ತಿತ್ತು. ಎಷ್ಟೋ ಪ್ರಕಟವಾದ ಪಟ್ಟಿಗಳಲ್ಲಿ ಈ ತಾರೀಕುಗಳು ಹಾಗೇ ಉಳಿದುಕೊಂಡವು. ಸಾಫ್ಟ್‌ವೇರಿನ ಕಾಟ ತಾಳಲಾರದೆ 2020ರಲ್ಲಿ ಜೀನ್ ಹೆಸರಿನ ಸಮಿತಿಯವರು ಜೀನುಗಳ ಹೆಸರನ್ನೇ ಬದಲಿಸಿದರು: ಈಗ ಅವು ಸೆಪ್ಟಿನ್2, ಮಾರ್ಚ್‌ಎಫ್1. ಹಳೆಯ ಪಟ್ಟಿ ಇಟ್ಟುಕೊಂಡು ಕೆಲಸ ಮಾಡುವವರು ಪಟ್ಟು ಲೆಕ್ಕ ಶುರು ಮಾಡುವ ಮೊದಲು ಆ ಕಾಲಮ್ಮಿನಲ್ಲಿ ತಾರೀಕು ನುಸುಳಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.